ಹಾಕುವುದು, ನುಡಿಸುವುದು

(ಒಂದು ಸಂಜೆ ಸಂಗೀತ ಕೇಳುಗರ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಹಳಸಲು ತಮಾಷೆ ತೆಗೆದಿದ್ದೇನೆ.)

ನಮಸ್ಕಾರ. ಈ ಮೇಜಿನ ಮೇಲೆ ಎರಡು ಪ್ಲೇಯರ್, ಎರಡರ ಸದ್ದು ಬೆರೆಸುವ ಒಂದು ಮಿಕ್ಸರ್, ಒಂದು ಹೆಡ್‌ಫೋನ್ ಇದೆ. ಅದಕ್ಕೆ ಆಮೇಲೆ ಬರೋಣ. ಮೊದಲು ನಮ್ಮ ಭಾಷೆಯ ಒಂದು ಸಣ್ಣ ಸಂಗತಿ.

ಕೊಳಲು ಊದುತ್ತೇವೆ. ತಂತಿ ಮೀಟುತ್ತೇವೆ. ಡೋಲು ಬಾರಿಸುತ್ತೇವೆ. ಪಿಟೀಲು ನುಡಿಸುತ್ತೇವೆ. ಡಿಜೆ ಮಾತ್ರ ಹಾಡು ‘ಹಾಕುತ್ತಾರೆ’. ಲೈಟ್ ಹಾಕು, ಫ್ಯಾನ್ ಹಾಕು, ಹಾಡು ಹಾಕು. ಸ್ವಿಚ್ ಒತ್ತುವ ಕೆಲಸಕ್ಕೆಲ್ಲ ಒಂದೇ ಪದ. ವಾದ ಶುರುವಾಗುವ ಮೊದಲೇ ಭಾಷೆ ತೀರ್ಪು ಕೊಟ್ಟುಬಿಟ್ಟಿದೆ, ಅಲ್ವಾ? ‘ನುಡಿಸು’ ಅಂದರೆ ನುಡಿಯುವಂತೆ ಮಾಡು. ಸುಮ್ಮನಿರುವ ಮರಕ್ಕೆ, ಚರ್ಮಕ್ಕೆ, ತಂತಿಗೆ ಮಾತು ಬರಿಸು. ರೆಕಾರ್ಡ್ ಆದರೋ ಆಗಲೇ ಮಾತಾಡಿ ಮುಗಿಸಿದೆ. ಅದನ್ನು ಇನ್ನೇನು ನುಡಿಸುವುದು?

ನಾನೂ ತುಂಬಾ ವರ್ಷ ಇದೇ ತೀರ್ಪಿನವನು. ಬ್ಯಾಂಡ್ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಐದು ಜನ ವಾರಗಟ್ಟಲೆ ಅಭ್ಯಾಸ ಮಾಡಿ, ಕೇಬಲ್ ಹೊತ್ತು, ಸೌಂಡ್‌ಚೆಕ್ ಮಾಡಿ ವೇದಿಕೆ ಹತ್ತುತ್ತಿದ್ದೆವು. ನಮ್ಮ ನಂತರ ಒಬ್ಬ ಡಿಜೆ ಒಂದು ಚೀಲ ಹಿಡಿದು ಬಂದು, ನಮಗಿಂತ ಜಾಸ್ತಿ ಜನರನ್ನು ಕುಣಿಸಿ ಹೋಗುತ್ತಿದ್ದ. ‘ಅವನೇನು ಮಾಡಿದ? ಬೇರೆಯವರ ಹಾಡು ಹಾಕಿದ’ ಅಂತ ನಾವು ಹಿಂದೆ ಕೂತು ಆಡಿಕೊಳ್ಳುತ್ತಿದ್ದೆವು. ಒಂದು ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ನಮ್ಮ ಮೂರು ಹಾಡಿನಲ್ಲಿ ಪಿಟೀಲಿನ ದೊಡ್ಡ ಗುಂಪೇ ಕೇಳಿಸುತ್ತಿತ್ತು. ವೇದಿಕೆಯ ಮೇಲೆ ಒಬ್ಬ ಪಿಟೀಲಿನವನೂ ಇರಲಿಲ್ಲ. ಮೊದಲೇ ರೆಕಾರ್ಡ್ ಮಾಡಿಟ್ಟ ಆ ಬ್ಯಾಕಿಂಗ್ ಟ್ರ್ಯಾಕನ್ನು ಎಡಗೈಯಲ್ಲಿ ‘ಹಾಕುತ್ತಿದ್ದವನು’ ನಾನೇ.

ಆಮೇಲೆ ಒಂದು ದಿನ ಗೆಳೆಯನೊಬ್ಬ ತನ್ನ ಕೋಣೆಯಲ್ಲಿ ಎರಡು ಟರ್ನ್‌ಟೇಬಲ್ ಮುಂದೆ ನನ್ನನ್ನು ನಿಲ್ಲಿಸಿದ. ‘ಎರಡು ಹಾಡೂ ಒಟ್ಟಿಗೆ ಓಡಬೇಕು. ಒಂದೇ ನಿಮಿಷ ಸಾಕು. ಮಾಡು ನೋಡೋಣ’ ಅಂದ. ಲಯ ಗೊತ್ತಿರುವ ಮನುಷ್ಯ ನಾನು, ಇದೇನು ಮಹಾ ಅಂದುಕೊಂಡೆ. ಅರ್ಧ ಗಂಟೆ ಬೆವರಿದೆ. ಆಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ‘ನಿನ್ನ ಮಷೀನೇ ಸರಿ ಇಲ್ಲ’ ಅಂದೆ.

ಯಾಕೆ ಆಗಲಿಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 120 ಬಿಪಿಎಂ ಅಂದರೆ ನಿಮಿಷಕ್ಕೆ 120 ಬಡಿತ, ಅರ್ಧ ಸೆಕೆಂಡಿಗೆ ಒಂದು. ಎರಡನೇ ರೆಕಾರ್ಡು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ವೇಗವಾಗಿದೆ ಅನ್ನಿ. 30 ಸೆಕೆಂಡ್ ಕಳೆಯುವಷ್ಟರಲ್ಲಿ ಅದು 30 ಮಿಲಿಸೆಕೆಂಡ್ ಮುಂದೆ ಹೋಗಿರುತ್ತದೆ. ಅಷ್ಟಕ್ಕೇ ಒಂದು ಡ್ರಮ್ ಏಟು ಎರಡಾಗಿ ಕೇಳಿಸುತ್ತದೆ. ಇನ್ನೊಂದು ನಿಮಿಷ ಬಿಟ್ಟರೆ ಎರಡು ಹಾಡೂ ಮೆಟ್ಟಿಲಿನಲ್ಲಿ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಉರುಳಿದ ಹಾಗೆ ಕೇಳಿಸುತ್ತವೆ. ಡಿಜೆ ಇದನ್ನು ಜನ ಕೇಳುವ ಮೊದಲೇ ಕೇಳಿಸಿಕೊಳ್ಳಬೇಕು.

ಕಷ್ಟ ಇರುವುದು ಇನ್ನೊಂದು ಕಡೆ. ಎರಡೂ ಕೂಡುತ್ತಿಲ್ಲ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಯಾವುದು ಮುಂದೆ, ಯಾವುದು ಹಿಂದೆ? ಅದು ಗೊತ್ತಾಗುವುದಿಲ್ಲ. ತಪ್ಪು ಊಹೆ ಮಾಡಿ ಮುಂದಿರುವುದನ್ನೇ ಇನ್ನಷ್ಟು ತಳ್ಳಿದರೆ ಮುಗಿಯಿತು ಕಥೆ. ಜೊತೆಗೆ ತಪ್ಪುಗಳು ಎರಡು ಬಗೆ. ವೇಗ ಸರಿ ಇದ್ದು ಜಾಗ ತಪ್ಪಿರಬಹುದು, ಆಗ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದರೆ ಸಾಕು. ಜಾಗ ಸರಿ ಇದ್ದು ವೇಗ ತಪ್ಪಿರಬಹುದು, ಆಗ ವೇಗ ಏರಿಳಿಸುವ ಪಿಚ್ ಸ್ಲೈಡರ್ ಸರಿಸಬೇಕು. ಎರಡೂ ಒಟ್ಟಿಗೆ ತಪ್ಪಿದಾಗ ಯಾವುದನ್ನು ಮೊದಲು ಹಿಡಿಯುವುದು ಅನ್ನುವುದನ್ನು ಕಿವಿ ಕಲಿಯಲು ತಿಂಗಳುಗಳು ಬೇಕು. ವಿನೈಲ್‌ನಲ್ಲಿ ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ ಬೇರೆ. ಶೇಕಡಾ 6ರಷ್ಟು ವೇಗ ಏರಿಸಿದರೆ ಹಾಡು ಸುಮಾರು ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ.

ಈಗ ಹೆಡ್‌ಫೋನ್. ಡಿಜೆಗಳು ಅದನ್ನು ಒಂದೇ ಕಿವಿಗೆ ಹಿಡಿಯುವುದನ್ನು ನೋಡಿರುತ್ತೀರಿ. ಸ್ಟೈಲಿಗೆ ಅಂತ ನಾನು ಅಂದುಕೊಂಡಿದ್ದೆ. ಒಂದು ಕಿವಿಯಲ್ಲಿ ಈಗ ಎಲ್ಲರೂ ಕೇಳುತ್ತಿರುವ ಹಾಡು. ಇನ್ನೊಂದರಲ್ಲಿ ಯಾರೂ ಇನ್ನೂ ಕೇಳದ ಹಾಡು. ಈ ಕಿವಿ ಈಗಿನದು, ಆ ಕಿವಿ ಮುಂದಿನ ಎರಡು ನಿಮಿಷದ್ದು. ಕೀಬೋರ್ಡ್ ನುಡಿಸುವಾಗ ನಾನು ಒಂದೇ ಕಾಲದಲ್ಲಿ ಇರುತ್ತಿದ್ದೆ. ಇಲ್ಲಿ ಎರಡು ಕಾಲದಲ್ಲಿ ಒಟ್ಟಿಗೆ ಇರಬೇಕು. ನನ್ನ ತೀರ್ಪು ಮೊದಲು ಅಲುಗಾಡಿದ್ದು ಅಲ್ಲಿ.

ಈ ಕೈಚಳಕ ಹುಟ್ಟಿದ್ದು ಹೇಗೆ ಅನ್ನುವುದು ಒಳ್ಳೆ ಕಥೆ. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಜಮೈಕಾದಿಂದ ಬಂದ ಕುಟುಂಬದ 18 ವರ್ಷದ ಹುಡುಗ, ಕೂಲ್ ಹರ್ಕ್ ಅಂತ ಹೆಸರಾದವರು, ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದರು. ಜನ ಹಾಡಿಗಿಂತ ಜಾಸ್ತಿ ನಡುವಿನ ಡ್ರಮ್ ತುಣುಕಿಗೆ ಕುಣಿಯುತ್ತಾರೆ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಆ ತುಣುಕು ಕೆಲವೇ ಸೆಕೆಂಡಿನದು. ಹಾಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಶುರು ಮಾಡುವ ದಾರಿ ಕಂಡುಕೊಂಡರು. ಬರೆದವರು ಸೆಕೆಂಡುಗಳಲ್ಲಿ ಮುಗಿಸಿದ್ದನ್ನು ಇವರು ನಿಮಿಷಗಟ್ಟಲೆ ಎಳೆದರು. ರೆಕಾರ್ಡು ಹೇಳಿ ಮುಗಿಸಿದ ಮಾತನ್ನು ಮತ್ತೆ ಬಾಯಿಬಿಡಿಸಿದರು ಅನ್ನಿ.

ಹರ್ಕ್ ಅವರ ಕೈ ಒರಟು ಅನ್ನಿಸಿದ್ದು ಬ್ರಾಂಕ್ಸಿನ ಇನ್ನೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅವರಿಗೆ. ಎಲೆಕ್ಟ್ರಾನಿಕ್ಸ್ ಓದಿದವರು. ತುಣುಕುಗಳು ತಾಳ ತಪ್ಪದೆ ಸೇರಬೇಕು ಅನ್ನುವ ಹಟ. ರೆಕಾರ್ಡಿನ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ತುಣುಕಿನ ತಲೆ ಸಿಗುತ್ತದೆ ಅಂತ ಎಣಿಸಿದರು. ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗುವ ರೆಕಾರ್ಡಿನಲ್ಲಿ ಒಂದು ಸುತ್ತು ಅಂದರೆ 1.8 ಸೆಕೆಂಡ್. ಅಷ್ಟರ ಲೆಕ್ಕ ಕೈಗೆ ಬರಬೇಕು. ತಟ್ಟೆ ಕೆಳಗೆ ತಿರುಗುತ್ತಲೇ ಇರಬೇಕು, ರೆಕಾರ್ಡ್ ಮಾತ್ರ ಬೆರಳಿಗೆ ನಿಲ್ಲಬೇಕು. ಅದಕ್ಕೆ ರಬ್ಬರ್ ಮ್ಯಾಟ್ ತೆಗೆದು ಫೆಲ್ಟ್ ಬಟ್ಟೆಯ ಬಿಲ್ಲೆ ಹಾಕಿದರು. ಸ್ವಿಚ್ ಒತ್ತುವವರಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಸ್ಕ್ರ್ಯಾಚ್ ಹುಟ್ಟಿದ್ದು 1970ರ ದಶಕದ ನಡುವಿನಲ್ಲಿ, ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಅನ್ನುವ ಹುಡುಗನ ಕೈಯಲ್ಲಿ. ಅವರೇ ಹೇಳುವ ಪ್ರಕಾರ, ಅಮ್ಮ ಬಾಗಿಲಿಗೆ ಬಂದು ಸದ್ದು ಕಡಿಮೆ ಮಾಡು ಅಂತ ಬೈದಾಗ ರೆಕಾರ್ಡನ್ನು ಕೈಯಲ್ಲಿ ತಡೆದು ಹಿಡಿದಿದ್ದರು. ಕೈ ಹಿಂದೆ ಮುಂದೆ ಆಡಿದಾಗ ಬಂದ ಸದ್ದು ಹೊಸದು. ಬೈಗುಳದಿಂದ ಹುಟ್ಟಿದ ಕಲೆ ಇದೊಂದೇ ಇರಲಿಕ್ಕಿಲ್ಲ.

ಟೆಕ್ನಿಕ್ಸ್ ಎಸ್ಎಲ್-1200 ಅನ್ನುವ ಟರ್ನ್‌ಟೇಬಲ್ 1972ರಲ್ಲಿ ಬಂದಿದ್ದು ಮನೆಯಲ್ಲಿ ಕೂತು ಹಾಡು ಕೇಳುವವರಿಗೆ. ಬೆಲ್ಟ್ ಇಲ್ಲದೆ ಮೋಟರೇ ನೇರವಾಗಿ ತಟ್ಟೆ ತಿರುಗಿಸುತ್ತಿತ್ತು. ಹಾಗಾಗಿ ಬೆರಳು ಬಿಟ್ಟ ತಕ್ಷಣ ವೇಗ ಹಿಡಿಯುತ್ತಿತ್ತು. ಡಿಜೆಗಳು ಅದನ್ನು ತಮ್ಮದು ಮಾಡಿಕೊಂಡರು. 1979ರ ಮಾದರಿಯಲ್ಲಿ ಉದ್ದನೆಯ ಪಿಚ್ ಸ್ಲೈಡರ್ ಬಂತು, ಶೇಕಡಾ 8ರಷ್ಟು ಮೇಲೆ, 8ರಷ್ಟು ಕೆಳಗೆ. ಕೇಳುವ ಯಂತ್ರ ಹೀಗೆ ನುಡಿಸುವ ಯಂತ್ರ ಆಯಿತು. 1985ರಲ್ಲಿ ಶುರುವಾದ ಡಿಎಂಸಿ ಅನ್ನುವ ಡಿಜೆಗಳ ವಿಶ್ವ ಸ್ಪರ್ಧೆಯಲ್ಲಿ ಮೊದಲು ಇದ್ದದ್ದು ಹಾಡಿಗೆ ಹಾಡು ಬೆಸೆಯುವ ಮಿಕ್ಸಿಂಗ್. 1986ರಲ್ಲಿ ಡಿಜೆ ಚೀಸ್ ಸ್ಕ್ರ್ಯಾಚ್ ಮಾಡಿ ಗೆದ್ದರು. ಅಲ್ಲಿಂದ ಆ ಸ್ಪರ್ಧೆಯ ದಿಕ್ಕೇ ಬದಲಾಯಿತು.

ಆದರೆ ಒಂದು ಮಾತು. ಸ್ಕ್ರ್ಯಾಚ್ ಮಾಡುವವರನ್ನು ತೋರಿಸಿ ‘ನೋಡಿ, ಡಿಜೆ ಕೂಡ ಕಲಾವಿದ’ ಅನ್ನುವುದು ಸುಲಭದ ಗೆಲುವು. ಅಲ್ಲಿ ಕೈ ಆಡುವುದು ಕಾಣುತ್ತದೆ, ಆಡಿದ ಹಾಗೆ ಸದ್ದು ಬದಲಾಗುತ್ತದೆ. ಬೆವರು ಕಂಡರೆ ನಮಗೆ ಸಮಾಧಾನ. ಗಟ್ಟಿ ಪ್ರಶ್ನೆ ಇರುವುದು ಹೆಚ್ಚು ಅಲುಗಾಡದ ಡಿಜೆಯ ಬಗ್ಗೆ, ಎರಡು ಹಾಡಿನ ವೇಗವನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಒತ್ತುವವರ ಬಗ್ಗೆ, ಲ್ಯಾಪ್‌ಟಾಪ್ ಹಿಂದೆ ನಿಂತವರ ಬಗ್ಗೆ.

ಅದಕ್ಕೆ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಿದ್ದೆ ಪರೀಕ್ಷೆ. ವೇದಿಕೆಯ ಮೇಲಿನ ಮನುಷ್ಯ ಈಗ, ಈ ಕ್ಷಣ, ನಿದ್ದೆಗೆ ಜಾರಿದರೆ ಏನು ಕೇಳಿಸುತ್ತದೆ?

ಪಿಟೀಲಿನವರು ಮಲಗಿದರೆ ತಕ್ಷಣ ಮೌನ. ಡಿಜೆ ಮಲಗಿದರೆ ಈ ಹಾಡು ಮುಗಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಮೌನ. ಎರಡು ಹಾಡು ಬೆರೆಸುವ ನಡುವೆ ಮಲಗಿದರೆ ಅನಾಹುತ. ಮೊದಲೇ ಪೂರ್ತಿ ಜೋಡಿಸಿಟ್ಟ ಒಂದು ಗಂಟೆಯ ಸೆಟ್ ಹಾಕಿ ಮಲಗಿದರೆ? ಏನೂ ಆಗುವುದಿಲ್ಲ. ಗೊರಕೆ ಮೈಕಿಗೆ ಸಿಗದಿದ್ದರೆ ಸಾಕು.

ಅವತ್ತು ಸಭೆಯಲ್ಲಿ ಒಬ್ಬ ಹುಡುಗಿ ಇಲ್ಲೇ ತಡೆದಳು. ‘ಸರ್, ಆರ್ಕೆಸ್ಟ್ರಾದ ಕಂಡಕ್ಟರ್ ಮಲಗಿದರೆ? ಒಳ್ಳೆ ಆರ್ಕೆಸ್ಟ್ರಾ ಆದರೆ ಹಾಡು ಮುಗಿಸುತ್ತೆ ಅಲ್ವಾ?’ ಒಪ್ಪಿದೆ. ನನ್ನ ಪರೀಕ್ಷೆಗೆ ತಿದ್ದುಪಡಿ ಬೇಕಾಯಿತು. ಸದ್ದು ನಿಲ್ಲುತ್ತದೆಯೇ ಅನ್ನುವುದು ಸಾಲದು. ಸದ್ದು ಕೆಡುತ್ತದೆಯೇ, ಬೇರೆಯಾಗುತ್ತದೆಯೇ ಅಂತ ಕೇಳಬೇಕು. ಆ ಹುಡುಗಿಯ ದಯೆಯಿಂದ ಈ ಬರಹದಲ್ಲಿ ತಿದ್ದಿದ ಪರೀಕ್ಷೆಯೇ ಇದೆ.

ಈ ವಾದ ಹೊಸದೇನಲ್ಲ ಅನ್ನುವುದಕ್ಕೆ ಒಂದು ಹಳೆ ಉದಾಹರಣೆ. 19ನೇ ಶತಮಾನದ ಕೊನೆಯಲ್ಲಿ ಪಿಯಾನೋಲಾ ಅನ್ನುವ ಯಂತ್ರ ಬಂತು. ತೂತು ಕೊರೆದ ಕಾಗದದ ಸುರುಳಿ ಹಾಕಿ ಕಾಲಿನಿಂದ ಪೆಡಲ್ ತುಳಿದರೆ ಪಿಯಾನೋ ತಾನೇ ಹಾಡುತ್ತದೆ. ಸ್ವರಗಳೆಲ್ಲ ಕಾಗದದಲ್ಲೇ ಇವೆ. ಆದರೆ ವೇಗ, ಜೋರು, ಮೆಲು ಎಲ್ಲ ತುಳಿಯುವವರ ಕಾಲಿನಲ್ಲಿ, ಕೈಯ ಸಣ್ಣ ಲಿವರ್‌ಗಳಲ್ಲಿ. ಒಂದೇ ಸುರುಳಿಯನ್ನು ಒಬ್ಬರು ತುಳಿದರೆ ಹೊಲಿಗೆ ಮಷೀನು, ಇನ್ನೊಬ್ಬರು ತುಳಿದರೆ ಸಂಗೀತ. ಇವರು ಹಾಕಿದರೋ, ನುಡಿಸಿದರೋ?

ಸಿಂಕ್ ಬಟನ್‌ಗೆ ಬರೋಣ. ಅರ್ಧ ಗಂಟೆ ನಾನು ಬೆವರಿದ ಕೆಲಸವನ್ನು ಅದು ಒಂದು ಕ್ಷಣದಲ್ಲಿ ಮಾಡುತ್ತದೆ. ಹಳಬರಿಗೆ ಸಿಟ್ಟು. ನನಗೆ ಅಷ್ಟು ಸಿಟ್ಟಿಲ್ಲ. ವೇಗ ಹೊಂದಿಸುವುದು ಹೊಸ್ತಿಲು ಅಷ್ಟೇ, ಮನೆ ಒಳಗಿದೆ. ಕುಣಿತದ ಹಾಡುಗಳು ಸಾಮಾನ್ಯವಾಗಿ 16 ಅಥವಾ 32 ಬಡಿತದ ಕಂತುಗಳಲ್ಲಿ ಮಾತಾಡುತ್ತವೆ. ಹೊಸ ಹಾಡಿನ ಕಂತು ಹಳೆಯದರ ಕಂತಿನ ಮೇಲೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಬಡಿತ ಕೂಡಿಯೂ ಮಾತು ಕೂಡುವುದಿಲ್ಲ, ಒಬ್ಬರು ವಾಕ್ಯ ಮುಗಿಸುವ ಮೊದಲೇ ಇನ್ನೊಬ್ಬರು ಬಾಯಿ ಹಾಕಿದ ಹಾಗೆ. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಟ್ಟರೆ ಕೆಸರು. ಒಂದರ ಬೇಸ್ ಇಳಿಸಿದ ಕ್ಷಣದಲ್ಲೇ ಇನ್ನೊಂದರದ್ದು ಏರಿಸಬೇಕು. ಯಾವ ಕ್ಷಣ? ಅದನ್ನು ಬಟನ್ ಹೇಳುವುದಿಲ್ಲ. ಎದುರಿನ ಜನ ದಣಿದಿದ್ದಾರೋ, ಕಾಯುತ್ತಿದ್ದಾರೋ, ಅದನ್ನೂ ಹೇಳುವುದಿಲ್ಲ. ಸಿಂಕ್ ಎಡವುವುದೂ ಉಂಟು. ಮನುಷ್ಯ ಡ್ರಮ್ ಬಾರಿಸಿದ ಹಳೆ ರೆಕಾರ್ಡಿಂಗ್‌ಗಳಲ್ಲಿ ವೇಗ ಉಸಿರಿನ ಹಾಗೆ ಏರಿಳಿಯುತ್ತದೆ. ಸಾಫ್ಟ್‌ವೇರ್ ಎಳೆದ ಗೆರೆ ಅಲ್ಲಿ ತಪ್ಪುತ್ತದೆ. ಆಗ ಕಿವಿ ಕಲಿತವರು ಉಳಿಯುತ್ತಾರೆ, ಬಟನ್ ಮಾತ್ರ ಕಲಿತವರು ಪರದೆ ನೋಡುತ್ತಾ ನಿಲ್ಲುತ್ತಾರೆ.

ಹಾಗಂತ ಎಲ್ಲವನ್ನೂ ಸಮರ್ಥಿಸಲು ನಾನು ಬಂದಿಲ್ಲ. ದೊಡ್ಡ ಉತ್ಸವಗಳ ದೊಡ್ಡ ವೇದಿಕೆಗಳಲ್ಲಿ ಬೆಳಕು, ವಿಡಿಯೋ, ಪಟಾಕಿ ಎಲ್ಲವೂ ಎಷ್ಟೋ ಸಲ ಟೈಮ್‌ಕೋಡ್‌ಗೆ, ಅಂದರೆ ಹಾಡಿನ ಜೊತೆ ಓಡುವ ಗಡಿಯಾರಕ್ಕೆ, ಕಟ್ಟಿರುತ್ತವೆ. ಯಾರೂ ಮನಸ್ಸಿಗೆ ಬಂದಂತೆ ಹಾಡು ಬದಲಿಸುವ ಹಾಗಿಲ್ಲ, ಬದಲಿಸಿದರೆ ಪಟಾಕಿ ತಪ್ಪು ಜಾಗದಲ್ಲಿ ಸಿಡಿಯುತ್ತದೆ. 2012ರಲ್ಲಿ ಡೆಡ್‌ಮೌಸ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತಗಾರ ಇದನ್ನು ಬಾಯಿಬಿಟ್ಟು ಹೇಳಿದರು: ನಾವೆಲ್ಲ ಪ್ಲೇ ಒತ್ತುವವರೇ, ನಮ್ಮ ಕಲೆ ಇರುವುದು ಸ್ಟುಡಿಯೋದಲ್ಲಿ ಅನ್ನುವ ಅರ್ಥದಲ್ಲಿ. ಅವರ ವೃತ್ತಿಯವರಿಗೇ ಕೋಪ ಬಂತು. ನನಗೆ ಆ ಮಾತು ಪ್ರಾಮಾಣಿಕ ಅನ್ನಿಸಿತು. ಹಾಡು ಕಟ್ಟುವುದು ಒಂದು ವಿದ್ಯೆ, ಎದುರಿಗೆ ನಿಂತು ಅದನ್ನು ನಡೆಸುವುದು ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದಕ್ಕೂ ಚಪ್ಪಾಳೆ ಕೇಳಬಾರದು. ನಿದ್ದೆ ಪರೀಕ್ಷೆಯಲ್ಲಿ ಅಂಥ ಪ್ರದರ್ಶನ ಫೇಲ್. ನಮ್ಮ ಬ್ಯಾಂಡಿನ ಪಿಟೀಲು ಗುಂಪೂ ಫೇಲ್.

ಈ ಪ್ರಶ್ನೆ ಕೋರ್ಟಿನವರೆಗೂ ಹೋಗಿದೆ ಗೊತ್ತಾ? ಜರ್ಮನಿಯಲ್ಲಿ ಸಂಗೀತ ಕಛೇರಿಯ ಟಿಕೆಟ್‌ಗೆ ಶೇಕಡಾ 7 ತೆರಿಗೆ, ಬರೀ ಮನರಂಜನೆಯ ಪಾರ್ಟಿಗೆ 19. ಡಿಜೆ ನಡೆಸುವ ಟೆಕ್ನೋ ಕುಣಿತದ ರಾತ್ರಿ ಯಾವ ಲೆಕ್ಕಕ್ಕೆ? ಅಲ್ಲಿನ ತೆರಿಗೆ ವಿಷಯದ ಅತ್ಯುನ್ನತ ಕೋರ್ಟು 2020ರಲ್ಲಿ ಅದು ಕಛೇರಿಯ ಲೆಕ್ಕಕ್ಕೆ ಬರಬಹುದು ಅಂದಿತು. ಡಿಜೆ ಬೇರೆಯವರ ರೆಕಾರ್ಡ್ ಸುಮ್ನೆ ಹಾಕುವುದಿಲ್ಲ, ಯಂತ್ರಗಳನ್ನು ವಾದ್ಯದಂತೆ ಬಳಸಿ ಹೊಸದೊಂದನ್ನು ಕೇಳಿಸುತ್ತಾರೆ ಅನ್ನುವುದು ಅದರ ವಾದದ ಸಾರ. ಅಮೆರಿಕದ ಷಿಕಾಗೋ ಇರುವ ಕುಕ್ ಕೌಂಟಿಯಲ್ಲೂ 2016ರಲ್ಲಿ ಸಣ್ಣ ಕ್ಲಬ್‌ಗಳ ಶೇಕಡಾ 3ರ ತೆರಿಗೆಯ ಬಗ್ಗೆ ಇಂಥದ್ದೇ ಜಗಳ ಆಯಿತು. ಅಲ್ಲಿ ಡಿಜೆ ಮಾತ್ರವಲ್ಲ, ರಾಕ್ ಕೂಡ ಲಲಿತಕಲೆ ಅಲ್ಲ ಅನ್ನುವ ಮಾತು ಬಂತು. ಕೊನೆಗೆ ನಿಯಮವನ್ನೇ ತಿದ್ದಿದರು. ‘ಹಾಕು’, ‘ನುಡಿಸು’ ನಡುವಿನ ಅಂತರ ಜರ್ಮನಿಯಲ್ಲಿ ಶೇಕಡಾ 12 ಅಂತ ಬರೆದಿಟ್ಟುಕೊಳ್ಳಿ.

ಇನ್ನು ಲ್ಯಾಪ್‌ಟಾಪ್. ಇದರ ಕಷ್ಟ ಬೇರೆ. ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ. ಪರದೆಯ ಬೆಳಕು ಮುಖದ ಮೇಲೆ, ಹುಬ್ಬು ಗಂಟು. ರೈಲು ಟಿಕೆಟ್ ಬುಕ್ ಮಾಡುವವರ ಮುಖವೂ ಹಾಗೇ ಇರುತ್ತದೆ.

2001ರಲ್ಲಿ ಏಬಲ್‌ಟನ್ ಲೈವ್ ಅನ್ನುವ ಸಾಫ್ಟ್‌ವೇರ್ ಬಂತು. ಅದರ ಹಿಂದೆ ಬರ್ಲಿನ್ನಿನ ಮೊನೊಲೇಕ್ ಅನ್ನುವ ಸಂಗೀತ ಜೋಡಿಯ ಗೆರ್ಹಾರ್ಡ್ ಬೇಲೆಸ್ ಮತ್ತು ರಾಬರ್ಟ್ ಹೆಂಕೆ ಇದ್ದರು. ತುಣುಕುಗಳನ್ನು ತಾಳ ತಪ್ಪದೆ, ಬೇಕಾದ ಕ್ರಮದಲ್ಲಿ ಬೇಕಾದಾಗ ಎಬ್ಬಿಸಬಹುದು. ಇಲ್ಲಿ ನಿಜವಾದ ಪ್ರಶ್ನೆ ಎಷ್ಟನ್ನು ಮೊದಲೇ ಗಟ್ಟಿ ಮಾಡಿಟ್ಟುಕೊಂಡು ಬರುತ್ತೀರಿ ಅನ್ನುವುದು. ಪೂರ್ತಿ ಗಟ್ಟಿ ಮಾಡಿದರೆ ಮಲಗಬಹುದು. ಏನೂ ಇಲ್ಲದೆ ಬಂದರೆ ಒಂದು ಡ್ರಮ್ ಏಟು ಕೂರಿಸುವಷ್ಟರಲ್ಲಿ ಜನ ಎದ್ದು ಹೋಗುತ್ತಾರೆ. ಹೆಂಕೆ ಈ ನಡುವಿನ ಜಾಗಕ್ಕಾಗಿ ತಿರುಪು, ಗುಂಡಿಗಳ ಒಂದು ಪೆಟ್ಟಿಗೆಯನ್ನೇ ತಮಗಾಗಿ ಕಟ್ಟಿಕೊಂಡರು, ಕಣ್ಣು ಪರದೆ ಬಿಡಲಿ ಅಂತ.

ಬೇರೆಯವರು ತದ್ವಿರುದ್ಧ ದಾರಿ ಹಿಡಿದರು. 2004ರಲ್ಲಿ ಸೇರಿದ ಟಾಪ್‌ಲ್ಯಾಪ್ ಅನ್ನುವ ಗುಂಪು ‘ಪರದೆ ತೋರಿಸಿ’ ಅಂದಿತು. ಲೈವ್ ಕೋಡಿಂಗ್ ಅಂದರೆ ಎಲ್ಲರೆದುರು ಪ್ರೋಗ್ರಾಂ ಬರೆಯುತ್ತಾ ಸಂಗೀತ ಮಾಡುವುದು, ಆ ಬರಹವನ್ನು ಹಿಂದಿನ ಗೋಡೆಯ ಮೇಲೆ ಬಿಡುವುದು. ಒಂದು ಆವರಣ ಚಿಹ್ನೆ ಮರೆತರೂ ಸಭೆಗೆ ಕಾಣುತ್ತದೆ. ಓದಲು ಬರದವರಿಗೂ ಒಂದು ವಿಷಯ ಗೊತ್ತಾಗುತ್ತದೆ: ಈಗ ಬರೆದದ್ದು, ಈಗ ಬದಲಾದದ್ದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲ್ಯಾಪ್‌ಟಾಪ್ ಆರ್ಕೆಸ್ಟ್ರಾ. ಡ್ಯಾನ್ ಟ್ರೂಮನ್ ಮತ್ತು ಪೆರ್ರಿ ಕುಕ್ 2005ರಲ್ಲಿ ಕಟ್ಟಿದ್ದು. ಅಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಅರ್ಧಗೋಳದ ಒಂದು ಸ್ಪೀಕರ್. ಸದ್ದು ಎರಡು ಬದಿಯ ದೊಡ್ಡ ಸ್ಪೀಕರ್‌ನಿಂದ ಬರದೆ, ನುಡಿಸುವವರು ಕೂತ ಜಾಗದಿಂದಲೇ ಬರುತ್ತದೆ. ಪಿಟೀಲಿನ ಸದ್ದು ಪಿಟೀಲಿನಿಂದ ಬರುವ ಹಾಗೆ. ಕೇಳಲು ಸಣ್ಣ ವಿಷಯ. ಆದರೆ ಲ್ಯಾಪ್‌ಟಾಪ್ ಸಂಗೀತದ ಬಗ್ಗೆ ನಮಗಿರುವ ಅರ್ಧ ಅನುಮಾನ ಈ ಒಂದು ಜಾಗದ್ದೇ: ಮನುಷ್ಯ ನಡುವೆ ನಿಂತಿದ್ದಾರೆ, ಸದ್ದು ಎರಡು ಮೂಲೆಯಿಂದ ಬರುತ್ತಿದೆ, ಇಬ್ಬರಿಗೂ ಏನು ಸಂಬಂಧ?

ನಾನೂ ಒಮ್ಮೆ ಲ್ಯಾಪ್‌ಟಾಪ್ ಜೊತೆ ನಿಂತಿದ್ದೆ. ಸದ್ದು ಚಿಟಿಚಿಟಿ ಅನ್ನಬಾರದು ಅನ್ನುವ ಭಯಕ್ಕೆ ಬಫರ್ ಅನ್ನು, ಅಂದರೆ ಸದ್ದು ಹೊರಬಿಡುವ ಮೊದಲು ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಣುಕನ್ನು, 256ರಿಂದ 1024 ಸ್ಯಾಂಪಲ್‌ಗೆ ಏರಿಸಿದ್ದೆ. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ, 256 ಅಂದರೆ ಸುಮಾರು 6 ಮಿಲಿಸೆಕೆಂಡ್, 1024 ಅಂದರೆ 23. ಬೆರಳು ಬಿದ್ದ ಮೇಲೆ ಸದ್ದು ಬರುವವರೆಗೆ ಕನಿಷ್ಠ ಅಷ್ಟು ತಡ. ಮೊದಲ ಹಾಡಿನಲ್ಲೇ ತಾಳದ ಹಿಂದೆ ಬಿದ್ದೆ. ಹಿಡಿಯಲು ಹೋಗಿ ಮುಂದೆ ಬಿದ್ದೆ. ಕೊನೆಗೆ ಬೆರಳನ್ನು ಬೇಕೆಂದೇ ಕೂದಲೆಳೆಯಷ್ಟು ಮೊದಲು ಇಡುವುದನ್ನು ಕಲಿತೆ, ಮೂರನೇ ಹಾಡಿನ ಹೊತ್ತಿಗೆ. ಜನರಿಗೆ ಕಂಡದ್ದು ಲ್ಯಾಪ್‌ಟಾಪ್ ಹಿಂದೆ ಒಬ್ಬ ಸಪ್ಪೆ ಮುಖದ ಮನುಷ್ಯ. ಅಷ್ಟು ಎಚ್ಚರವಾಗಿ ನಾನು ಕೀಬೋರ್ಡ್ ಮುಂದೆಯೂ ಯಾವತ್ತೂ ಇರಲಿಲ್ಲ.

‘ಹಾಗಾದರೆ ಡಿಜೆ ಮತ್ತು ಪಿಟೀಲಿನವರು ಒಂದೇನಾ?’ ಅಂತ ಹಿರಿಯರೊಬ್ಬರು ಕೇಳಿದರು. ಅಲ್ಲ ಸರ್. ಪಿಟೀಲು ಕೇಳುವ ಹಾಗೆ ಆಗಲು ವರ್ಷಗಳು ಬೇಕು. ಡಿಜೆ ಕೆಲಸವನ್ನು ಒಂದು ವಾರದಲ್ಲಿ ಸುಮಾರಾಗಿ ಮಾಡಬಹುದು. ಅದರಿಂದಲೇ ಸುಮಾರಾದವರು ಜಾಸ್ತಿ, ಅದರಿಂದಲೇ ಹೆಸರು ಕೆಟ್ಟಿರುವುದು. ಬೆರಳಿನ ಕಷ್ಟವನ್ನೇ ಅಳತೆಗೋಲು ಮಾಡಿದರೆ ಡಿಜೆ ಸೋಲುತ್ತಾರೆ. ನಾನು ಆ ಕೋಲು ಬಿಟ್ಟಿದ್ದೇನೆ. ಈಗ ನೋಡುವುದು ಎಚ್ಚರ ಎಷ್ಟು, ಆ ಎಚ್ಚರ ಸದ್ದಿನಲ್ಲಿ ಕೇಳಿಸುತ್ತದೆಯೇ ಅಂತ.

ಸಾಕು ಮಾತು. ಈ ಎರಡು ಪ್ಲೇಯರ್‌ಗಳಲ್ಲಿ ಎರಡು ಹಾಡು ಇವೆ. ಒಂದು 122 ಬಿಪಿಎಂ, ಒಂದು 125. ಅಂತರ ಸುಮಾರು ಎರಡೂವರೆ ಪರ್ಸೆಂಟ್. ಪರದೆಗಳ ಮೇಲೆ ಕಾಗದ ಅಂಟಿಸಿದ್ದೇನೆ. ಸಿಂಕ್ ಆಫ್. ಯಾರು ಬರುತ್ತೀರಿ?

ಮೂವರು ಬಂದರು. ಡ್ರಮ್ ಕಲಿಯುತ್ತಿರುವ ಹುಡುಗ ಬೇಗ ಕೈಬಿಟ್ಟ. ಇನ್ನೊಬ್ಬರು ಹೆಡ್‌ಫೋನಿನ ಎರಡೂ ಕಪ್ಪನ್ನು ಕಿವಿಗೆ ಹಾಕಿಕೊಂಡು ಹೊರಗಿನ ಹಾಡನ್ನೇ ಮರೆತರು. ಕೊನೆಗೆ ಬಂದದ್ದು ಕಂಡಕ್ಟರ್ ಪ್ರಶ್ನೆ ಕೇಳಿದ್ದ ಹುಡುಗಿ. ಒಂದು ಕಿವಿ ಬಿಟ್ಟು, ಒಂದು ಕಿವಿ ಮುಚ್ಚಿ, ನೆಲ ನೋಡುತ್ತಾ ನಿಂತಳು. ತಳ್ಳಿದಳು, ತಡೆದಳು, ಸ್ಲೈಡರ್ ಸರಿಸಿದಳು, ಮತ್ತೆ ಸರಿಸಿದಳು. ಒಂದು ಹೊತ್ತಿನಲ್ಲಿ ಎರಡು ಏಟು ಒಂದಾದವು. ಸಭೆಗೂ ಗೊತ್ತಾಯಿತು, ಚಪ್ಪಾಳೆ ಬಿತ್ತು. ಅವಳು ತಲೆ ಎತ್ತಿ ‘ಈಗೇನು ಮಾಡಲಿ ಸರ್?’ ಅಂದಳು.

‘ಮೊದಲನೇ ಹಾಡು ಮುಗಿಯಲು ಇನ್ನು ನಲವತ್ತು ಸೆಕೆಂಡ್ ಇದೆ’ ಅಂದೆ.